ಬಲವಂತದ ಸಮವಸ್ತ್ರ ಕಳಚಿದ ಮೇಲೆ

ಹದಿನೆಂಟು ತುಂಬುತ್ತಲೇ ಮನೆಗೊಂದು ಸರ್ಕಾರಿ ಕಾಗದ ಬರುತ್ತಿತ್ತು. ಆಮೇಲೆ ವೈದ್ಯಕೀಯ ಪರೀಕ್ಷೆ, ಕ್ಷೌರ, ಬ್ಯಾರಕ್ಕು, ಕವಾಯತು. ಒಂದು ವರ್ಷವೋ ಎರಡು ವರ್ಷವೋ ಕಳೆದು ಮರಳಿದರೆ ಪುಣ್ಯ. ನಡುವೆ ಯುದ್ಧ ಬಂತೆಂದರೆ ಮರಳದೆಯೂ ಹೋಗಬಹುದು. ಇಪ್ಪತ್ತನೆಯ ಶತಮಾನದ ಕೋಟ್ಯಂತರ ಗಂಡಸರ ಬದುಕಿನೊಳಗೆ ಕಡ್ಡಾಯ ಸೈನಿಕ ಸೇವೆಯಷ್ಟು ನೇರವಾಗಿ ಕೈಹಾಕಿದ ಕಾನೂನು ಇನ್ನೊಂದಿರಲಾರದು. ಆ ಕಾನೂನು ಬ್ರಿಟನ್ನಿನಲ್ಲಿ 1960ರಲ್ಲಿ, ಅಮೆರಿಕದಲ್ಲಿ 1973ರಲ್ಲಿ, ಫ್ರಾನ್ಸ್ ಮತ್ತು ಸ್ಪೇನ್‌ಗಳಲ್ಲಿ 2001ರಲ್ಲಿ, ಸ್ವೀಡನ್ನಿನಲ್ಲಿ 2010ರಲ್ಲಿ, ಜರ್ಮನಿಯಲ್ಲಿ 2011ರಲ್ಲಿ ನಿಂತಿತು. ಸುಮಾರು ಐವತ್ತು ವರ್ಷಗಳಲ್ಲಿ ಪಶ್ಚಿಮದ ದೊಡ್ಡ ಪ್ರಜಾಪ್ರಭುತ್ವಗಳೆಲ್ಲ ಒಂದೊಂದಾಗಿ ಅದರಿಂದ ಹೊರಬಂದವು. ಈಗ ಅದೇ ದೇಶಗಳಲ್ಲಿ ಕೆಲವು ಮತ್ತೆ ಒಳಹೋಗುತ್ತಿವೆ.

ಈ ದೇಶಗಳ ಕಥೆಗಳನ್ನು ಒಟ್ಟಿಗೆ ಇಟ್ಟು ಓದಿದವರಿಗೆ ಒಂದು ಸಂಗತಿ ಎದ್ದು ಕಾಣುತ್ತದೆ. ಕೊಲ್ಲು ಎಂದು ಯಾರನ್ನೂ ಬಲವಂತಪಡಿಸಬಾರದು ಎಂಬ ತತ್ವ ಗೆದ್ದು ಈ ಪದ್ಧತಿ ನಿಂತದ್ದು ಬಹಳ ಕಡಿಮೆ. ಖಜಾನೆಯ ಲೆಕ್ಕ, ಬದಲಾದ ಆಯುಧಗಳು, ಹೊರೆಯ ಹಂಚಿಕೆಯಲ್ಲಿದ್ದ ಅನ್ಯಾಯ, ಇವು ಅದನ್ನು ನಿಲ್ಲಿಸಿದವು. ತತ್ವದ ಪ್ರಶ್ನೆ ಬಗೆಹರಿಯದೆ ಪಕ್ಕಕ್ಕೆ ಉಳಿಯಿತು. ಬಲವಂತ ಹೋದ ಮೇಲೆ ಹೊರೆ ಯಾರ ಹೆಗಲಿಗೆ ಹೋಯಿತು ಎಂದು ಕೇಳಿದವರೂ ಹೆಚ್ಚಿಲ್ಲ. ನನ್ನ ಮಟ್ಟಿಗೆ ಈ ವಿಷಯದ ತಿರುಳು ಅಲ್ಲಿದೆ.

ಪದ್ಧತಿಯ ಬೇರು ಇರುವುದು ಫ್ರೆಂಚ್ ಕ್ರಾಂತಿಯಲ್ಲಿ. ಸುತ್ತಲಿನ ರಾಜರ ಸೈನ್ಯಗಳು ಗಡಿ ದಾಟಿ ಬರುತ್ತಿದ್ದಾಗ, 1793ರ ಆಗಸ್ಟಿನಲ್ಲಿ, ಇಡೀ ರಾಷ್ಟ್ರವೇ ಯುದ್ಧಕ್ಕೆ ನಿಲ್ಲಬೇಕೆಂದು ಪ್ಯಾರಿಸ್ಸಿನಿಂದ ಆಜ್ಞೆ ಹೊರಟಿತು. 1798ರ ಕಾನೂನು ಅದನ್ನೊಂದು ಕಾಯಂ ಏರ್ಪಾಡನ್ನಾಗಿ ಮಾಡಿತು. ನೆಪೋಲಿಯನ್ನನಿಂದ ಸೋತು ಪಾಠ ಕಲಿತ ಪ್ರಷ್ಯಾ 1814ರಲ್ಲಿ ಅದೇ ದಾರಿ ಹಿಡಿಯಿತು. ರಾಜನ ಸಂಬಳದ ಸಿಪಾಯಿಯ ಬದಲು ಪ್ರಜೆಯೇ ಸೈನಿಕನಾಗುವುದು, ರಾಜ್ಯದಲ್ಲಿ ಪಾಲು ಉಳ್ಳವನು ಅದರ ರಕ್ಷಣೆಯಲ್ಲೂ ಪಾಲು ಹೊರುವುದು: ಇದು ಅದರ ಹಿಂದಿದ್ದ ಒಪ್ಪಂದ. ಒಪ್ಪಂದದಲ್ಲಿ ಒಂದು ಘನತೆ ಇತ್ತು ಎನ್ನುವುದನ್ನು ನಾನು ಅಲ್ಲಗಳೆಯಲಾರೆ. ಆದರೆ ಮೊದಲಿನಿಂದಲೂ ಅದು ಸೋರುತ್ತಿತ್ತು. ಹತ್ತೊಂಬತ್ತನೆಯ ಶತಮಾನದ ಬಹುಭಾಗ ಫ್ರಾನ್ಸಿನ ಉಳ್ಳವರು ಹಣ ಕೊಟ್ಟು ಮಗನ ಬದಲಿಗೆ ಬಡವನೊಬ್ಬನನ್ನು ಕಳಿಸಬಹುದಿತ್ತು. ಅಮೆರಿಕದ ಅಂತರ್ಯುದ್ಧದಲ್ಲಿ, 1863ರ ಕಾನೂನಿನಂತೆ, 300 ಡಾಲರ್ ಕಟ್ಟಿದವನಿಗೆ ವಿನಾಯಿತಿ ಸಿಗುತ್ತಿತ್ತು. ಕೂಲಿಯವನಿಗೆ ಅದು ಕನಸಿನ ಮೊತ್ತ. ಆ ವರ್ಷದ ಜುಲೈನಲ್ಲಿ ನ್ಯೂಯಾರ್ಕ್ ಹೊತ್ತಿ ಉರಿಯಿತು. ದಂಗೆಯೆದ್ದ ಬಡ ಬಿಳಿಯರ ಸಿಟ್ಟು ಕಾನೂನು ಮಾಡಿದವರ ಮೇಲಷ್ಟೇ ಇಳಿಯಲಿಲ್ಲ, ತಮಗಿಂತ ಬಡವರಾದ ಕರಿಯರ ಮೇಲೂ ತಿರುಗಿತು. ನೂರಕ್ಕೂ ಹೆಚ್ಚು ಜನ ಸತ್ತರು.

ಬ್ರಿಟನ್ನಿನದು ಬೇರೆ ದಾರಿ. ಸಮುದ್ರ ಮತ್ತು ನೌಕಾಪಡೆಯನ್ನು ನಂಬಿದ್ದ ಆ ದೇಶ ಮೊದಲ ಮಹಾಯುದ್ಧದ ನಡುವೆ, 1916ರಲ್ಲಿ, ಮೊದಲ ಬಾರಿಗೆ ಕಡ್ಡಾಯ ಭರ್ತಿಗೆ ಇಳಿಯಿತು. ಆತ್ಮಸಾಕ್ಷಿ ಒಪ್ಪುವುದಿಲ್ಲ ಎಂದವರಿಗೆ ಕಾನೂನಿನಲ್ಲಿ ಒಂದು ಕಿಂಡಿಯನ್ನೂ ಇಟ್ಟಿತು. ಸುಮಾರು 16,000 ಮಂದಿ ಆ ಕಿಂಡಿಯ ಮುಂದೆ ನಿಂತರು. ಸಾವಿರಾರು ಜನ ಜೈಲು ಕಂಡರು. ಫ್ರಾನ್ಸಿಗೆ ಒಯ್ದ 35 ಮಂದಿಗೆ ಮರಣದಂಡನೆಯನ್ನೇ ವಿಧಿಸಿ, ಆಮೇಲೆ ಅದನ್ನು ಸೆರೆವಾಸಕ್ಕೆ ಇಳಿಸಿದರು. ತತ್ವಜ್ಞಾನಿ ಬರ್ಟ್ರಂಡ್ ರಸೆಲ್ ಇವರ ಪರ ನಿಂತು ಕೇಂಬ್ರಿಜ್‌ನ ಕೆಲಸ ಕಳೆದುಕೊಂಡರು. ಎರಡನೆಯ ಮಹಾಯುದ್ಧ ಮುಗಿದ ಮೇಲೂ ಬ್ರಿಟನ್ ಹುಡುಗರನ್ನು ಕರೆಯುವುದನ್ನು ನಿಲ್ಲಿಸಲಿಲ್ಲ. 1949ರಿಂದ, ಕೊನೆಯ ತಂಡ ಮನೆಗೆ ಮರಳಿದ 1963ರವರೆಗೆ, 20 ಲಕ್ಷಕ್ಕೂ ಹೆಚ್ಚು ಯುವಕರು ಮಲಯಾ, ಕೊರಿಯಾ, ಕೀನ್ಯಾ, ಸೈಪ್ರಸ್, ಸೂಯೆಜ್‌ಗಳಲ್ಲೂ ತಮ್ಮದೇ ದೇಶದ ಸೇನಾ ಶಿಬಿರಗಳಲ್ಲೂ ಸೇವೆ ಸಲ್ಲಿಸಿದರು. ಯುದ್ಧಭೂಮಿಗಳಲ್ಲಿ ಸುಮಾರು 400 ಮಂದಿ ಸತ್ತರು. ಅದನ್ನು ನಿಲ್ಲಿಸಿದ್ದು 1957ರಲ್ಲಿ ರಕ್ಷಣಾ ಸಚಿವ ಡಂಕನ್ ಸ್ಯಾಂಡಿಸ್ ಮಂಡಿಸಿದ ಶ್ವೇತಪತ್ರ. ಅಣ್ವಸ್ತ್ರ ಇರುವಾಗ ಇಷ್ಟು ಕಾಲಾಳುಗಳೇಕೆ ಎಂಬುದು ಅದರ ವಾದ. ಸುಮಾರು 6.9 ಲಕ್ಷವಿದ್ದ ಪಡೆಯನ್ನು 3.75 ಲಕ್ಷಕ್ಕೆ ಇಳಿಸುವುದು ಅದರ ಗುರಿ. ಹುಡುಗರನ್ನು ಬಿಡಿಸಿದ್ದು ಬಾಂಬು. ಅದನ್ನೊಂದು ನೈತಿಕ ಗೆಲುವೆಂದು ಹೇಳಲು ನನಗೆ ಮನಸ್ಸು ಬರುವುದಿಲ್ಲ.

ಅಮೆರಿಕದ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಕಾಲೇಜಿನಲ್ಲಿ ಓದುವವನಿಗೆ ಭರ್ತಿ ಮುಂದೂಡುವ ಸೌಲಭ್ಯವಿತ್ತು. ಕಾಲೇಜಿಗೆ ಹೋಗಲಾಗದವನು, ಒಳ್ಳೆಯ ವೈದ್ಯರ ಪತ್ರ ತರಲಾಗದವನು ಕಾಡಿಗೆ ಹೋಗಬೇಕಾಯಿತು. 1967ರ ಏಪ್ರಿಲ್ 28ರಂದು ಹ್ಯೂಸ್ಟನ್ನಿನ ಭರ್ತಿ ಕೇಂದ್ರದಲ್ಲಿ ಹೆಸರು ಕರೆದಾಗ ಮುಹಮ್ಮದ್ ಅಲಿ ಮುಂದೆ ಹೆಜ್ಜೆ ಇಡಲಿಲ್ಲ. ವಿಶ್ವ ಹೆವಿವೇಟ್ ಪ್ರಶಸ್ತಿ ಹೋಯಿತು, ಮುಷ್ಟಿಯುದ್ಧಗಾರನ ಬಾಳಿನ ಅತ್ಯುತ್ತಮ ವರ್ಷಗಳು ಹೋದವು, ಐದು ವರ್ಷದ ಸಜೆ ತಲೆಯ ಮೇಲೆ ತೂಗಿತು. 1971ರಲ್ಲಿ ಸುಪ್ರೀಂ ಕೋರ್ಟ್ ಆ ಶಿಕ್ಷೆಯನ್ನು ರದ್ದುಮಾಡಿತು. ಅಲಿಯ ನಿರಾಕರಣೆಯನ್ನು ಜಗತ್ತು ಇಂದು ಕೊಂಡಾಡುತ್ತದೆ. ಅಂದು ಅವರ ಜೊತೆ ನಿಂತವರು ಎಷ್ಟು ಕಡಿಮೆ ಎನ್ನುವುದನ್ನು ಮರೆಯಬಾರದು.

ಅನ್ಯಾಯದ ಕೂಗು ಜೋರಾದಾಗ ಸರ್ಕಾರ ಚೀಟಿ ಎತ್ತಲು ಹೊರಟಿತು. 1969ರ ಡಿಸೆಂಬರ್ 1ರಂದು, ವರ್ಷದ 366 ದಿನಾಂಕಗಳನ್ನು ಪ್ಲಾಸ್ಟಿಕ್ ಗುಳಿಗೆಗಳೊಳಗೆ ಹಾಕಿ, ಒಂದು ಗಾಜಿನ ಪಾತ್ರೆಯಿಂದ ಒಂದೊಂದಾಗಿ ಎತ್ತಿದರು. ಅದು ಟೆಲಿವಿಷನ್ನಿನಲ್ಲಿ ನೇರ ಪ್ರಸಾರವಾಯಿತು. ಮೊದಲು ಬಂದದ್ದು ಸೆಪ್ಟೆಂಬರ್ 14. ಆ ದಿನ ಹುಟ್ಟಿದವರಿಗೆ ಕರೆ ಖಚಿತ. ಗುಳಿಗೆಗಳನ್ನು ಸರಿಯಾಗಿ ಕಲಸಿರಲಿಲ್ಲವೆಂದು ಸಂಖ್ಯಾಶಾಸ್ತ್ರಜ್ಞರು ತೋರಿಸಿದರು. ವರ್ಷದ ಕೊನೆಯ ತಿಂಗಳುಗಳಲ್ಲಿ ಹುಟ್ಟಿದವರು ಪಾಲಿಗಿಂತ ಹೆಚ್ಚಾಗಿ ಮೊದಲ ಸಂಖ್ಯೆಗಳಿಗೆ ಸಿಕ್ಕಿಬಿದ್ದಿದ್ದರು. ಇದೇ ಚೀಟಿಯ ಸಂಖ್ಯೆಗಳನ್ನು ಹಿಡಿದು ಅರ್ಥಶಾಸ್ತ್ರಜ್ಞ ಜೋಶುವಾ ಆಂಗ್ರಿಸ್ಟ್ 1990ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಯಾರು ಹೋದರು ಯಾರು ಉಳಿದರು ಎನ್ನುವುದನ್ನು ಇಲ್ಲಿ ವಿಧಿ ನಿರ್ಧರಿಸಿದ್ದರಿಂದ, ಸೈನ್ಯದ ವರ್ಷಗಳು ಮುಂದಿನ ಬದುಕಿಗೆ ಏನು ಮಾಡಿದವು ಎಂದು ಅಳೆಯುವುದು ಸಾಧ್ಯವಾಯಿತು. ಯುದ್ಧ ಮುಗಿದು ಎಷ್ಟೋ ವರ್ಷಗಳಾದ ಮೇಲೂ, 1980ರ ದಶಕದ ಮೊದಲ ವರ್ಷಗಳಲ್ಲಿ, ಸೇವೆ ಮಾಡಿದ್ದ ಬಿಳಿಯರ ಗಳಿಕೆ ಮಾಡದವರಿಗಿಂತ ಸುಮಾರು ಶೇಕಡ 15ರಷ್ಟು ಕಡಿಮೆಯಿತ್ತು. ಶಿಸ್ತು ಕಲಿಸುತ್ತದೆ, ಹುಡುಗರನ್ನು ಮನುಷ್ಯರನ್ನಾಗಿ ಮಾಡುತ್ತದೆ ಎಂದು ಕಡ್ಡಾಯ ಸೇವೆಯನ್ನು ಹೊಗಳುವವರು ಈ ಅಧ್ಯಯನವನ್ನು ಒಮ್ಮೆ ಓದಬೇಕು. ಆಂಗ್ರಿಸ್ಟ್ ಅವರಿಗೆ 2021ರಲ್ಲಿ ನೊಬೆಲ್ ಬಂದದ್ದು ಇಂಥ ವಿಧಾನಗಳಿಗಾಗಿಯೇ.

ಅಧ್ಯಕ್ಷ ನಿಕ್ಸನ್ ನೇಮಿಸಿದ ಗೇಟ್ಸ್ ಆಯೋಗ 1970ರಲ್ಲಿ ಕಡ್ಡಾಯ ಭರ್ತಿ ನಿಲ್ಲಿಸಲು ಶಿಫಾರಸು ಮಾಡಿತು. ಆಯೋಗದಲ್ಲಿ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ ಇದ್ದರು. ಅದಕ್ಕೆ ಲೆಕ್ಕ ಒದಗಿಸಿದವರಲ್ಲಿ ವಾಲ್ಟರ್ ಓಯ್ ಮುಖ್ಯರು. ಜಪಾನಿ ಮೂಲದವರೆಂಬ ಒಂದೇ ಕಾರಣಕ್ಕೆ ಬಾಲ್ಯದಲ್ಲಿ ಅಮೆರಿಕದ್ದೇ ಬಂಧನ ಶಿಬಿರ ಕಂಡವರು, ಮುಂದೆ ಪೂರ್ತಿ ದೃಷ್ಟಿ ಕಳೆದುಕೊಂಡವರು ಅವರು. ಬಲವಂತದ ಸೈನಿಕನಿಗೆ ಕೊಡುವ ಸಂಬಳ ಅವನ ದುಡಿಮೆಯ ನಿಜ ಬೆಲೆಗಿಂತ ಕಡಿಮೆ. ಆ ವ್ಯತ್ಯಾಸ ದೇಶದ ಅತಿ ಕಿರಿಯರ ಮೇಲೆ ಹೇರಿದ ಗುಟ್ಟಿನ ತೆರಿಗೆ. ಇದು ಅವರ ವಾದ. ವಾದ ಸರಿ. ಆದರೆ ಅದು ಕೊಟ್ಟ ಪರಿಹಾರ ಪೇಟೆಯ ಪರಿಹಾರ: ಸಂಬಳ ಏರಿಸಿ, ಬರುವವರು ಬರಲಿ. 1973ರ ಜುಲೈ 1ರಿಂದ ಹಾಗೆಯೇ ಆಯಿತು.

ಬಂದವರು ಯಾರು? ಕಾಲೇಜಿನ ಶುಲ್ಕ ಕಟ್ಟಲಾಗದವರು, ಕಾರ್ಖಾನೆ ಮುಚ್ಚಿದ ಊರುಗಳ ಹುಡುಗರು, ಸೈನಿಕರ ಮನೆಯಲ್ಲೇ ಹುಟ್ಟಿದವರು. ಇರಾಕ್ ಮತ್ತು ಅಫ್ಘಾನಿಸ್ತಾನದ ಯುದ್ಧಗಳಲ್ಲಿ ಅವರನ್ನೇ ಮತ್ತೆ ಮತ್ತೆ ಕಳಿಸಿದರು. ಉಳಿದ ಸಮಾಜದ ದಿನಚರಿ ಕದಲಲಿಲ್ಲ. ಕೊರಿಯಾ ಯುದ್ಧದಲ್ಲಿ ಗಾಯಗೊಂಡಿದ್ದ ಸಂಸದ ಚಾರ್ಲ್ಸ್ ರೇಂಜಲ್ 2003ರಲ್ಲಿ ಕಡ್ಡಾಯ ಭರ್ತಿಯನ್ನು ಮರಳಿ ತರುವ ಮಸೂದೆ ಮಂಡಿಸಿದರು. ಯುದ್ಧಕ್ಕೆ ಕೈ ಎತ್ತುವವರ ಮಕ್ಕಳೂ ಹೋಗುವಂತಿದ್ದರೆ ಕೈ ಅಷ್ಟು ಸುಲಭವಾಗಿ ಏಳುವುದಿಲ್ಲ ಎಂಬುದು ಅವರ ನಂಬಿಕೆ. ಮರುವರ್ಷ ಸದನ ಅದನ್ನು 402ಕ್ಕೆ 2 ಮತಗಳಿಂದ ತಳ್ಳಿಹಾಕಿತು. ರೇಂಜಲ್ ಎತ್ತಿದ ಪ್ರಶ್ನೆಗೆ ಆ 402 ಮತಗಳಲ್ಲಿ ಉತ್ತರ ಇರಲಿಲ್ಲ. ಅಂದಹಾಗೆ, ಹೆಸರು ನೋಂದಾಯಿಸುವ ಕಾನೂನು ಅಲ್ಲಿ 1980ರಿಂದ ಮತ್ತೆ ಜಾರಿಯಲ್ಲಿದೆ. 18ರಿಂದ 25 ವಯಸ್ಸಿನ ಗಂಡಸರಿಗೆ, ಪೌರತ್ವವಿಲ್ಲದೆ ಗ್ರೀನ್ ಕಾರ್ಡ್ ಮಾತ್ರ ಇದ್ದವರಿಗೂ, ಅದು ಅನ್ವಯಿಸುತ್ತದೆ. ಅಲ್ಲಿ ನೆಲೆಸಿದ ಕನ್ನಡ ಮನೆಗಳ ಗಂಡುಮಕ್ಕಳೂ ಆ ಪಟ್ಟಿಯಲ್ಲಿದ್ದಾರೆ.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಜರ್ಮನಿ. ಮೊದಲ ಮಹಾಯುದ್ಧದ ನಂತರ ವರ್ಸೇಲ್ಸ್ ಒಪ್ಪಂದ ಅಲ್ಲಿನ ಸೈನ್ಯವನ್ನು ಒಂದು ಲಕ್ಷಕ್ಕೆ ಮಿತಿಗೊಳಿಸಿ ಕಡ್ಡಾಯ ಭರ್ತಿಯನ್ನು ನಿಷೇಧಿಸಿತ್ತು. 1935ರ ಮಾರ್ಚಿನಲ್ಲಿ ಹಿಟ್ಲರ್ ಅದನ್ನು ಮುರಿದ. ಮುಂದಿನದು ಗೊತ್ತಿರುವುದೇ. ಆ ಬೂದಿಯ ಮೇಲೆ ಕುಳಿತು 1949ರಲ್ಲಿ ಸಂವಿಧಾನ ಬರೆದವರು ನಾಲ್ಕನೆಯ ವಿಧಿಯಲ್ಲೇ, ಆತ್ಮಸಾಕ್ಷಿಗೆ ವಿರುದ್ಧವಾಗಿ ಯಾರನ್ನೂ ಶಸ್ತ್ರಸಹಿತ ಯುದ್ಧಸೇವೆಗೆ ಬಲವಂತಪಡಿಸುವಂತಿಲ್ಲ ಎಂದು ಸೇರಿಸಿದರು. ಆಗ ಆ ದೇಶಕ್ಕೆ ಸೈನ್ಯವೇ ಇರಲಿಲ್ಲ. ಸೈನ್ಯಕ್ಕಿಂತ ಮೊದಲು ನಿರಾಕರಿಸುವ ಹಕ್ಕು ಹುಟ್ಟಿದ ನಾಡು ಅದು. ಶೀತಲ ಸಮರ ಬಿಗಿಯಾದಾಗ 1956ರಲ್ಲಿ ಪಶ್ಚಿಮ ಜರ್ಮನಿ ಕಡ್ಡಾಯ ಸೇವೆ ತಂದಿತು. ಬರ್ಲಿನ್ ಗೋಡೆ ಎದ್ದ ಮರುವರ್ಷ, 1962ರಲ್ಲಿ, ಪೂರ್ವ ಜರ್ಮನಿಯೂ ತಂದಿತು. ಪೂರ್ವದಲ್ಲಿ ಆತ್ಮಸಾಕ್ಷಿಗೆ ಸಿಕ್ಕ ಜಾಗ ಇಷ್ಟೇ: ಕೋವಿಯ ಬದಲು ಗುದ್ದಲಿ ಹಿಡಿಯುವ ನಿರ್ಮಾಣ ತುಕಡಿ, ಭುಜಪಟ್ಟಿಯ ಮೇಲೆ ಒಂದು ಗುದ್ದಲಿಯ ಗುರುತು. ಅದನ್ನು ಧರಿಸಿದವನಿಗೆ ಆಮೇಲೆ ವಿಶ್ವವಿದ್ಯಾಲಯದ ಬಾಗಿಲು ತೆರೆಯುವುದು ಕಷ್ಟವಿತ್ತು.

ಪಶ್ಚಿಮದಲ್ಲಿ ಹಕ್ಕು ಸಂವಿಧಾನದಲ್ಲಿತ್ತು, ಆದರೆ ಅದನ್ನು ಪಡೆಯಲು ಸಮಿತಿಯೊಂದರ ಮುಂದೆ ಪರೀಕ್ಷೆಗೆ ಕೂರಬೇಕಿತ್ತು. ನಿನ್ನ ಕಣ್ಣೆದುರೇ ನಿನ್ನ ಗೆಳತಿಯ ಮೇಲೆ ಯಾರೋ ಬಿದ್ದರೆ, ಕೈಯಲ್ಲಿ ಪಿಸ್ತೂಲು ಇದ್ದರೆ ಏನು ಮಾಡುತ್ತೀಯ ಎಂಬ ಧಾಟಿಯ ಪ್ರಶ್ನೆಗಳು. ಹತ್ತೊಂಬತ್ತು ವರ್ಷದ ಹುಡುಗನ ಒಳಮನಸ್ಸನ್ನು ಮೇಜಿನ ಆಚೆ ಕುಳಿತು ತೂಗುವುದು ಸಾಧ್ಯವೇ? ಮಾತುಗಾರ ಪಾಸಾಗುತ್ತಿದ್ದ, ಮಾತು ಬಾರದವನು ಬ್ಯಾರಕ್ಕಿಗೆ ಹೋಗುತ್ತಿದ್ದ. ಅಂಚೆಕಾರ್ಡು ಬರೆದರೆ ಸಾಕು ಎಂಬ 1977ರ ಸುಧಾರಣೆಯನ್ನು ಮರುವರ್ಷವೇ ಸಂವಿಧಾನ ನ್ಯಾಯಾಲಯ ಹೊಡೆದುಹಾಕಿತು. 1980ರ ದಶಕದಲ್ಲಿ ಬಹುಪಾಲು ಜನರಿಗೆ ಆ ವಿಚಾರಣೆ ತಪ್ಪಿ, ಬರಹದ ಅರ್ಜಿಯೇ ಸಾಕಾಯಿತು. ಮಿತ್ರರಾಷ್ಟ್ರಗಳ ಹಿಡಿತದಲ್ಲಿದ್ದ ಪಶ್ಚಿಮ ಬರ್ಲಿನ್ನಿಗೆ ಕಾನೂನು ಅನ್ವಯಿಸದ ಕಾರಣ ಅನೇಕ ಯುವಕರು ಗಂಟುಮೂಟೆ ಕಟ್ಟಿ ಅಲ್ಲಿಗೇ ಹೋದರು. ಆ ನಗರದ ಬಂಡಾಯದ ಗುಣಕ್ಕೆ ಇದೂ ಒಂದು ಕಾರಣ.

ಕೋವಿ ಒಲ್ಲೆ ಎಂದವರು 1961ರಿಂದ ನಾಗರಿಕ ಸೇವೆ ಮಾಡಬೇಕಿತ್ತು, ಬಹುಕಾಲ ಸೈನಿಕರಿಗಿಂತ ಹೆಚ್ಚು ತಿಂಗಳು. ಮೊದಮೊದಲು ಊರಿನವರ ಬಾಯಲ್ಲಿ ಅವರು ಕೆಲಸಗಳ್ಳರು, ಹೇಡಿಗಳು. ಆದರೆ ಈ ಹುಡುಗರು ವೃದ್ಧಾಶ್ರಮಗಳಲ್ಲಿ ಮುದುಕರ ಮಲಮೂತ್ರ ತೆಗೆದರು, ಆಸ್ಪತ್ರೆಗಳಲ್ಲಿ ಸ್ಟ್ರೆಚರ್ ತಳ್ಳಿದರು, ಅಂಗವಿಕಲ ಮಕ್ಕಳನ್ನು ಶಾಲೆಗೆ ಕರೆದೊಯ್ದರು, ಒಂಟಿ ಮನೆಗಳಿಗೆ ಬಿಸಿ ಊಟ ಮುಟ್ಟಿಸಿದರು. ಒಂದು ಹಂತದಲ್ಲಿ 1.3 ಲಕ್ಷಕ್ಕೂ ಹೆಚ್ಚು ಮಂದಿ ಏಕಕಾಲದಲ್ಲಿ ಈ ಕೆಲಸದಲ್ಲಿದ್ದರು. ಐವತ್ತು ವರ್ಷಗಳಲ್ಲಿ ಒಟ್ಟು 25 ಲಕ್ಷಕ್ಕೂ ಹೆಚ್ಚು. ಹೆಂಗಸರ ಕೆಲಸವೆಂದು ಸಮಾಜ ತೆಗೆದಿಟ್ಟಿದ್ದನ್ನು ಎರಡು ತಲೆಮಾರಿನ ಗಂಡಸರು ಕೈಯಾರೆ ಮಾಡಿದರು. ಯಾವ ಸೈನ್ಯವೂ ಕಲಿಸಲಾರದ ಪಾಠ ಅದು ಎಂದು ನನಗನ್ನಿಸುತ್ತದೆ. ಬಲವಂತದ ಏರ್ಪಾಡೊಂದರ ಒಡಲಲ್ಲಿ, ಅದನ್ನು ಧಿಕ್ಕರಿಸಿದವರಿಂದಲೇ, ಹೀಗೊಂದು ಒಳ್ಳೆಯದು ಬೆಳೆಯಿತು. ಹಾಗೆಂದು ಅದಕ್ಕೊಂದು ಬಲವಂತ ಬೇಕಿತ್ತು ಎಂದು ಹೇಳಬಹುದೇ? ಇಲ್ಲ. ಕಡಿಮೆ ದುಡ್ಡಿಗೆ ಸಿಗುವ ಈ ಕೈಗಳಿದ್ದದ್ದರಿಂದಲೇ ಆರೈಕೆಯ ವೃತ್ತಿಗೆ ಸರಿಯಾದ ಸಂಬಳ, ಗೌರವ ಕೊಡುವ ಕೆಲಸವನ್ನು ಸರ್ಕಾರಗಳು ಮುಂದೂಡುತ್ತ ಬಂದವು.

ಶೀತಲ ಸಮರ ಮುಗಿದ ಮೇಲೆ ಸೈನ್ಯಕ್ಕೆ ಅಷ್ಟು ಹುಡುಗರು ಬೇಡವಾದರು. 1990ರಲ್ಲಿ 12 ತಿಂಗಳಾಗಿದ್ದ ಸೇವೆ 10ಕ್ಕೆ, 9ಕ್ಕೆ, ಕೊನೆಗೆ 2010ರಲ್ಲಿ 6ಕ್ಕೆ ಇಳಿಯಿತು. ಒಬ್ಬನನ್ನು ಕರೆದು ಪಕ್ಕದ ಮನೆಯವನನ್ನು ಬಿಟ್ಟರೆ ಅದು ಸಮಾನತೆಯೇ ಎಂಬ ಮೊಕದ್ದಮೆಗಳು ಬಂದವು. ಆರ್ಥಿಕ ಬಿಕ್ಕಟ್ಟಿನ ಬೆನ್ನಲ್ಲಿ ಸರ್ಕಾರ ಖರ್ಚು ಕಡಿತಕ್ಕೆ ಕುಳಿತಾಗ ರಕ್ಷಣಾ ಸಚಿವ ಗುಟೆನ್‌ಬರ್ಗ್ ಕಡ್ಡಾಯ ಸೇವೆ ನಿಲ್ಲಿಸುವ ಸಲಹೆ ಮುಂದಿಟ್ಟರು. ದಶಕಗಳ ಕಾಲ ಕಡ್ಡಾಯ ಸೇವೆಯ ಪರ ನಿಂತಿದ್ದ ಪಕ್ಷವೇ 2011ರ ಜುಲೈ 1ರಿಂದ ಅದನ್ನು ಅಮಾನತಿನಲ್ಲಿಟ್ಟಿತು. ಗಮನಿಸಿ, ರದ್ದು ಮಾಡಲಿಲ್ಲ. ಆಗ ಸೈನ್ಯಾಧಿಕಾರಿಗಳಷ್ಟೇ ಆತಂಕಪಟ್ಟವರು ವೃದ್ಧಾಶ್ರಮ ನಡೆಸುವವರು. ಅವರಿಗಾಗಿ ಅದೇ ದಿನದಿಂದ ಎಲ್ಲ ವಯಸ್ಸಿನವರಿಗೂ, ಮಹಿಳೆಯರಿಗೂ ತೆರೆದ ಸ್ವಯಂಸೇವಾ ಯೋಜನೆ ಶುರುವಾಯಿತು. ಪಕ್ಕದ ಆಸ್ಟ್ರಿಯಾದಲ್ಲಿ 2013ರ ಜನವರಿಯಲ್ಲಿ ನಡೆದ ಜನಮತದಲ್ಲಿ ಸುಮಾರು ಶೇಕಡ 60 ಜನ ಕಡ್ಡಾಯ ಸೇವೆ ಉಳಿಯಲಿ ಎಂದರು. ಆಂಬುಲೆನ್ಸಿಗೆ, ಆರೈಕೆಗೆ ಹುಡುಗರು ಸಿಗದೆ ಹೋದರೆ ಎಂಬ ಚಿಂತೆ ಆ ಮತದ ಹಿಂದಿದ್ದ ದೊಡ್ಡ ಕಾರಣಗಳಲ್ಲಿ ಒಂದು.

ನಿರಾಕರಿಸಿದವರ ಹೋರಾಟ ನಿಜವಾಗಿ ಪರಿಣಾಮ ಬೀರಿದ ದೇಶಗಳೂ ಇವೆ. ಸ್ಪೇನಿನಲ್ಲಿ ಸೈನ್ಯವೂ ಬೇಡ, ಅದರ ಬದಲಿ ಸೇವೆಯೂ ಬೇಡ ಎಂದು ಸಾವಿರಾರು ಯುವಕರು ಕೂತುಬಿಟ್ಟರು, ನೂರಾರು ಮಂದಿ ಜೈಲಿಗೆ ಹೋದರು. ವ್ಯವಸ್ಥೆ ಒಳಗಿನಿಂದ ಟೊಳ್ಳಾಯಿತು. ದಕ್ಷಿಣ ಆಫ್ರಿಕಾದಲ್ಲಿ ವರ್ಣಭೇದ ಸರ್ಕಾರ ಬಿಳಿಯ ಯುವಕರನ್ನು ಎರಡು ವರ್ಷ ಸೈನ್ಯಕ್ಕೆ ಎಳೆಯುತ್ತಿತ್ತು. ಕರಿಯರ ಬಡಾವಣೆಗಳ ಮೇಲೆ ಕೋವಿ ಎತ್ತಲು ಒಪ್ಪದವರು 1983ರಲ್ಲಿ ಕಡ್ಡಾಯ ಭರ್ತಿ ವಿರೋಧಿ ಆಂದೋಲನ ಕಟ್ಟಿದರು. 1988ರಲ್ಲಿ ಅದನ್ನು ನಿಷೇಧಿಸಬೇಕಾಯಿತೆಂದರೆ ಅದರ ಪೆಟ್ಟು ಎಷ್ಟು ಬಿದ್ದಿತ್ತೆಂದು ತಿಳಿಯುತ್ತದೆ. ದಕ್ಷಿಣ ಕೊರಿಯಾದಲ್ಲಿ ಸೇವೆ ಇಂದಿಗೂ ಇದೆ. ದಶಕಗಳ ಕಾಲ ಸಾವಿರಾರು ನಿರಾಕರಣೆಗಾರರು ಸೆರೆ ಅನುಭವಿಸಿದ ನಂತರ, 2018ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಪರ್ಯಾಯ ಸೇವೆ ಇರಲೇಬೇಕೆಂದಿತು. ಹೀಗೆ ಬಂದ ಪರ್ಯಾಯ ಏನು? ಜೈಲುಗಳಲ್ಲೇ 36 ತಿಂಗಳ ದುಡಿಮೆ.

ಸ್ವತಂತ್ರ ಭಾರತದಲ್ಲಿ ಸೈನ್ಯಕ್ಕೆ ಕಡ್ಡಾಯ ಭರ್ತಿ ನಡೆದಿಲ್ಲ. ಆದರೂ ನಮ್ಮ ಸಂವಿಧಾನದ 23ನೆಯ ವಿಧಿ ಜೀತವನ್ನು ನಿಷೇಧಿಸುತ್ತಲೇ, ಸಾರ್ವಜನಿಕ ಉದ್ದೇಶಕ್ಕಾಗಿ ಕಡ್ಡಾಯ ಸೇವೆ ವಿಧಿಸಲು ಸರ್ಕಾರಕ್ಕೆ ಅವಕಾಶ ಉಳಿಸಿದೆ; ಧರ್ಮ, ಜನಾಂಗ, ಜಾತಿ, ವರ್ಗದ ಮೇಲೆ ಭೇದ ಮಾಡಬಾರದೆಂಬ ಷರತ್ತಿನೊಂದಿಗೆ. ಚೀನಾ ಯುದ್ಧದ ನಂತರ 1963ರಲ್ಲಿ ಕಾಲೇಜುಗಳಲ್ಲಿ ಎನ್‌ಸಿಸಿ ಕಡ್ಡಾಯವಾಯಿತು, 1968ರಲ್ಲಿ ಐಚ್ಛಿಕವಾಯಿತು. ಆಗ ಓದಿದವರ ಖಾಕಿ ನೆನಪುಗಳಷ್ಟೇ ನಮ್ಮ ಪಾಲಿನ ಕಡ್ಡಾಯ ಸೇವೆ. 2022ರಲ್ಲಿ ಬಂದ ಅಗ್ನಿಪಥ ಯೋಜನೆ ನಾಲ್ಕು ವರ್ಷದ್ದು, ಹೆಚ್ಚೆಂದರೆ ಶೇಕಡ 25 ಮಂದಿಯನ್ನು ಮಾತ್ರ ಮುಂದಕ್ಕೆ ಉಳಿಸಿಕೊಳ್ಳುತ್ತದೆ. ಅದು ಕಡ್ಡಾಯವಲ್ಲ. ಆದರೆ ಭರ್ತಿ ಮೇಳಗಳಲ್ಲಿ ನಸುಕಿನಿಂದ ಸಾಲು ನಿಲ್ಲುವವರು ಯಾರ ಮಕ್ಕಳು ಎಂದು ನೋಡಿದರೆ, ಸ್ವಇಚ್ಛೆ ಎನ್ನುವುದಕ್ಕೂ ಬೇರೆ ದಾರಿಯಿಲ್ಲ ಎನ್ನುವುದಕ್ಕೂ ನಡುವಿನ ಗೆರೆ ಎಷ್ಟು ತೆಳು ಎಂದು ಕಾಣುತ್ತದೆ. ಕೆಲಸ ಕೊಡಿಸುತ್ತೇವೆಂಬ ಮಾತು ನಂಬಿ ರಷ್ಯಾಕ್ಕೆ ಹೋದ ಕಲಬುರಗಿ ಜಿಲ್ಲೆಯ ಯುವಕರು ಉಕ್ರೇನ್ ಯುದ್ಧದ ನಡುವೆ ಸಿಕ್ಕಿಕೊಂಡು, 2024ರಲ್ಲಿ ಬದುಕಿ ಮರಳಿದರು. ಅವರನ್ನು ಅಲ್ಲಿಗೆ ಎಳೆದದ್ದು ಕರೆಪತ್ರ ಅಲ್ಲ, ಸಂಬಳದ ಆಸೆ ಮತ್ತು ಮೋಸ.

2014ರಲ್ಲಿ ಶುರುವಾದ ರಷ್ಯಾ-ಉಕ್ರೇನ್ ಸಂಘರ್ಷವೇ ಯೂರೋಪಿನ ಲೆಕ್ಕವನ್ನು ತಿರುಗಿಸಿದ್ದು. ಉಕ್ರೇನ್ 2013ರ ಶರತ್ಕಾಲದಲ್ಲಿ ಕಡ್ಡಾಯ ಸೇವೆಯನ್ನು ನಿಲ್ಲಿಸಿತ್ತು. ಕ್ರೈಮಿಯಾ ಕೈತಪ್ಪಿದ ಮೇಲೆ, 2014ರ ಮೇ ತಿಂಗಳಲ್ಲಿ, ಮರಳಿ ತಂದಿತು. 2008ರಲ್ಲಿ ಬಿಟ್ಟಿದ್ದ ಲಿಥುವೇನಿಯಾ 2015ರಲ್ಲಿ ತಂದಿತು. ಸ್ವೀಡನ್ 2017ರಲ್ಲಿ, ಈ ಸಲ ಹುಡುಗಿಯರನ್ನೂ ಸೇರಿಸಿಕೊಂಡು. ಆಮೇಲೆ ಲಾಟ್ವಿಯಾ. ಡೆನ್ಮಾರ್ಕ್ 2025ರ ಜುಲೈನಿಂದ ಹೆಣ್ಣುಮಕ್ಕಳನ್ನೂ ಪಟ್ಟಿಗೆ ತಂದಿತು. ರಷ್ಯಾದ ಗಡಿಗೆ ಒತ್ತಿಕೊಂಡು ಬದುಕುವ ಸಣ್ಣ ದೇಶಗಳ ಭಯವನ್ನು ದೂರದಲ್ಲಿ ಕುಳಿತು ತಳ್ಳಿಹಾಕುವುದು ಸರಿಯಲ್ಲ. ತನ್ನ ಮೇಲೆ ಬಿದ್ದವನನ್ನು ತಡೆಯಲು ಒಂದು ಜನಾಂಗ ಒಟ್ಟಾಗಿ ನಿಲ್ಲುವುದಕ್ಕೂ ಮಲಯಾಕ್ಕೋ ವಿಯೆಟ್ನಾಮಿಗೋ ಹುಡುಗರನ್ನು ಸಾಗಿಸುವುದಕ್ಕೂ ಬಹಳ ಅಂತರವಿದೆ. ಆದರೆ ಅಲ್ಲಿಯೂ ಒಲ್ಲೆ ಎನ್ನುವವನಿಗೆ ಜಾಗ ಬೇಕು. ಉಕ್ರೇನಿನಲ್ಲಿ ಯುದ್ಧಕಾಲದಲ್ಲಿ ಆ ಜಾಗ ಮುಚ್ಚಿದೆ. ಆತ್ಮಸಾಕ್ಷಿಯ ಹೆಸರಿನಲ್ಲಿ ನಿರಾಕರಿಸಿ ಜೈಲಿಗೆ ಹೋದವರಿದ್ದಾರೆ. ಆಕ್ರಮಣ ಮಾಡಿದ ರಷ್ಯಾದಲ್ಲಿ 2022ರ ಸೆಪ್ಟೆಂಬರಿನಲ್ಲಿ ಭಾಗಶಃ ಭರ್ತಿ ಘೋಷಣೆಯಾದಾಗ ಲಕ್ಷಾಂತರ ಜನ ಜಾರ್ಜಿಯಾ, ಕಜಾಕಸ್ತಾನಗಳತ್ತ ಓಡಿದರು. ಬೇಡವೆಂದು ಹೇಳುವ ಹಕ್ಕಿಗೆ ಬಲವಿಲ್ಲದ ಕಡೆ ಕಾಲುಗಳು ಆ ಮಾತು ಹೇಳುತ್ತವೆ.

ಜರ್ಮನಿಯ ಸಂಸತ್ತು 2025ರ ಡಿಸೆಂಬರ್ 5ರಂದು ಹೊಸ ಸೈನಿಕ ಸೇವಾ ಕಾನೂನಿಗೆ ಒಪ್ಪಿಗೆ ಕೊಟ್ಟಿತು. 2008ರಲ್ಲಿ ಮತ್ತು ಆಮೇಲೆ ಹುಟ್ಟಿದ ಹುಡುಗರೆಲ್ಲರೂ ಹದಿನೆಂಟಾದಾಗ ಒಂದು ಪ್ರಶ್ನಾವಳಿ ತುಂಬಬೇಕು. ಹುಡುಗಿಯರು ಇಷ್ಟವಿದ್ದರೆ ತುಂಬಬಹುದು. ಸೇರುವುದು ಸದ್ಯಕ್ಕೆ ಅವರವರ ಇಷ್ಟ. ತಿಂಗಳಿಗೆ ಸುಮಾರು 2,600 ಯೂರೋ ಸಂಬಳದ ಆಕರ್ಷಣೆಯಿದೆ. ಸಾಕಷ್ಟು ಮಂದಿ ಬರದಿದ್ದರೆ ಸಂಸತ್ತು ಮತ್ತೊಂದು ಕಾನೂನು ಮಾಡಿ ಅಗತ್ಯವಿದ್ದಷ್ಟು ಜನರನ್ನು ಕಡ್ಡಾಯವಾಗಿ ಕರೆಯಬಹುದು. ಬೇಕಾದವರಿಗಿಂತ ಅರ್ಹರು ಹೆಚ್ಚಿದ್ದರೆ ಕೊನೆಯ ಉಪಾಯವಾಗಿ ಚೀಟಿ ಎತ್ತುವ ದಾರಿಯೂ ತೆರೆದಿದೆ. ಮತದಾನದ ದಿನವೇ ಅನೇಕ ನಗರಗಳಲ್ಲಿ ಶಾಲಾ ಮಕ್ಕಳು ತರಗತಿ ಬಿಟ್ಟು ಬೀದಿಗೆ ಬಂದರು. ಆತ್ಮಸಾಕ್ಷಿಯ ಕಾರಣಕ್ಕೆ ಸೇವೆ ಒಲ್ಲೆ ಎನ್ನುವ ಅರ್ಜಿಗಳು ಅಲ್ಲಿ 2022ರ ನಂತರ ಏರುತ್ತಲೇ ಇವೆ. ನಾಲ್ಕನೆಯ ವಿಧಿಯ ಆ ವಾಕ್ಯ 1949ರಲ್ಲಿ ಬರೆದಂತೆಯೇ ಇದೆ. ಹೊಸ ಕಾನೂನಿನ ಮೇಲಿನ ಚರ್ಚೆ ಬಹುಪಾಲು ಸೈನಿಕರ ಸಂಖ್ಯೆಯ ಸುತ್ತ ನಡೆಯಿತು: ಗುರಿ 2,60,000. ಚೀಟಿ ಬಿದ್ದವನು ಒಲ್ಲೆ ಎಂದರೆ ಅವನಿಗೆ ಯಾವ ಕೆಲಸ, ಎಷ್ಟು ತಿಂಗಳು, ಯಾವ ಸಂಬಳಕ್ಕೆ ಎನ್ನುವುದನ್ನು ಅದೇ ಗಾಂಭೀರ್ಯದಿಂದ ಈಗಲೇ ಬರೆದಿಡಬೇಕು, ಮೊದಲ ಚೀಟಿ ಎತ್ತಿದ ಮೇಲಲ್ಲ.